ಕುಸುಬಿ ಎಣ್ಣೆ ಮತ್ತು ಮೆಟಬಾಲಿಕ್ ಸಿಂಡ್ರೋಮ್: ಪರೀಕ್ಷೆ ಗಡಿನಾಡಿನಲ್ಲೇ ನಡೆಯಲಿ

ಮಾನ್ಯ ಸಂಪಾದಕರೇ,

ಬೀಜಗಳಿಂದ ತೆಗೆದ ಎಣ್ಣೆಗಳು ಮೆಟಬಾಲಿಕ್ ಸಿಂಡ್ರೋಮ್‌ಗೆ ಚಿಕಿತ್ಸೆಯಾಗಬಲ್ಲವು ಎಂದು ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಈಚೆಗೆ ಬಂದ ಲೇಖನವನ್ನು ಗಮನವಿಟ್ಟು ಓದಿದೆ. ಮಹಾರಾಷ್ಟ್ರದ ಗಡಿಯಲ್ಲಿರುವ ಅಕ್ಕಲಕೋಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಔಷಧದ ಅಂಗಡಿ ನಡೆಸುವವನಾದ್ದರಿಂದ ಸಕ್ಕರೆ, ರಕ್ತದೊತ್ತಡ, ಕೊಬ್ಬಿನ ಮಾತ್ರೆಗಳನ್ನು ಬಹುಕಾಲದಿಂದ ನನ್ನ ಕೈಯಾರೆ ಕೊಡುತ್ತ ಬಂದಿದ್ದೇನೆ. ಕುಸುಬಿ, ಅಗಸಿ, ಗುರೆಳ್ಳು ಬೆಳೆಯುವ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನಾದ್ದರಿಂದ ಆ ಬೀಜಗಳ ಬಳಕೆಯೂ ನನಗೆ ಗೊತ್ತಿದೆ. ಲೇಖನ ಹೇಳಿದ್ದರಲ್ಲಿ ಹುರುಳಿದೆ. ಆದರೆ ಯಾವ ಎಣ್ಣೆ, ಎಷ್ಟು, ಯಾವುದರ ಬದಲಿಗೆ ಎಂಬ ಮೂರು ಪ್ರಶ್ನೆಗಳನ್ನು ಅದು ಎತ್ತಿಕೊಳ್ಳಲಿಲ್ಲ. ನಮ್ಮ ಭಾಗದ ರೋಗಿಗಳಿಗೆ ಒಳಿತೋ ಕೆಡುಕೋ ಆಗುವುದು ಈ ಮೂರು ಪ್ರಶ್ನೆಗಳ ಉತ್ತರದಿಂದಲೇ ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೆಟಬಾಲಿಕ್ ಸಿಂಡ್ರೋಮ್ ಎನ್ನುವುದು ಒಂದರ ಬೆನ್ನಿಗೆ ಒಂದು ಬರುವ ಐದು ಲಕ್ಷಣಗಳ ಕೂಟ. ಸೊಂಟದ ಸುತ್ತಳತೆ ನಮ್ಮ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿರುವುದು. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 150 ಅಥವಾ ಅದಕ್ಕಿಂತ ಹೆಚ್ಚಿರುವುದು. ಒಳ್ಳೆಯ ಕೊಲೆಸ್ಟ್ರಾಲ್ ಎಂದು ಕರೆಯುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿರುವುದು. ರಕ್ತದೊತ್ತಡ 130/85 ಮುಟ್ಟಿರುವುದು. ಖಾಲಿ ಹೊಟ್ಟೆಯ ಸಕ್ಕರೆ 100 ಮುಟ್ಟಿರುವುದು. ಈ ಐದರಲ್ಲಿ ಮೂರು ಇದ್ದರೆ ವೈದ್ಯರು ಈ ಹೆಸರು ಹೇಳುತ್ತಾರೆ. ಇವೆಲ್ಲ ಬಿಡಿಬಿಡಿಯಾದ ತೊಂದರೆಗಳಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಒಂದೇ ಬೇರಿನಿಂದ ಬರುತ್ತವೆ ಎಂಬ ವಿಚಾರವನ್ನು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲಿ ಮುಂದಿಟ್ಟರು. 1,13,043 ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಮಧುಮೇಹವಿದೆ, ಶೇಕಡಾ 15.3 ಮಂದಿ ಅದರ ಹೊಸ್ತಿಲಲ್ಲಿದ್ದಾರೆ, ಶೇಕಡಾ 35.5 ಮಂದಿಗೆ ರಕ್ತದೊತ್ತಡವಿದೆ, ಶೇಕಡಾ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ. ಹಳ್ಳಿಯ ಜನ ದುಡಿಯುತ್ತಾರೆ, ಅವರಿಗೆ ಇದೆಲ್ಲ ಬರುವುದಿಲ್ಲ ಎಂಬ ಹಳೆಯ ನಂಬಿಕೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಎಂದೋ ಸುಳ್ಳಾಗಿದೆ.

ಹೋದ ಹಿಂಗಾರಿಯ ಸುಮಾರಿಗೆ ಐವತ್ತರ ಆಸುಪಾಸಿನ ರೈತರೊಬ್ಬರು ರಕ್ತಪರೀಕ್ಷೆಯ ಚೀಟಿ ಹಿಡಿದು ಬಂದಿದ್ದರು. ಟ್ರೈಗ್ಲಿಸರೈಡ್ 212, ಎಚ್‌ಡಿಎಲ್ 36, ಖಾಲಿ ಹೊಟ್ಟೆಯ ಸಕ್ಕರೆ 118. ವೈದ್ಯರು ರಕ್ತದೊತ್ತಡಕ್ಕೊಂದು, ಸಕ್ಕರೆಗೊಂದು ಮಾತ್ರೆ ಬರೆದಿದ್ದರು. ಆ ರೈತರು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ‘ಗುಳಗಿ ಬ್ಯಾಡ್ರಿ, ಕುಸುಬಿ ಎಣ್ಣಿ ದಿನಾ ಎರಡ ಚಮಚ ಕುಡದ್ರ ಸಾಕಂತ ಮೊಬೈಲ್‌ದಾಗ ಬಂದೈತಿ, ಅದನ್ನ ಕೊಡ್ರಿ’ ಎಂದರು. ಮನೆಯಲ್ಲಿ ಅಡುಗೆಗೆ ಯಾವ ಎಣ್ಣೆ ಎಂದು ಕೇಳಿದೆ. ಕಿರಾಣಿ ಅಂಗಡಿಯ ಪಾಮೋಲಿನ್, ಅಂದರೆ ತಾಳೆ ಎಣ್ಣೆಯ ಪಾಕೀಟು, ಐದು ಜನರ ಮನೆಗೆ ತಿಂಗಳಿಗೆ ಎಂಟು ಕಿಲೋ ಎಂದರು. ಆ ಎಂಟು ಕಿಲೋ ಹಾಗೆಯೇ ಇದ್ದು, ಅದರ ಮೇಲೆ ದಿನಕ್ಕೆ ಎರಡು ಚಮಚ ಕುಸುಬಿ ಎಣ್ಣೆ ಸೇರಿದರೆ ಅವರ ದೇಹಕ್ಕೆ ಸಿಗುವುದು ಇನ್ನಷ್ಟು ಕೊಬ್ಬು ಮಾತ್ರ. ಯಾವ ಎಣ್ಣೆಯೇ ಇರಲಿ, ಒಂದು ಗ್ರಾಂಗೆ 9 ಕ್ಯಾಲೊರಿ. ಊಟದ ಒಂದು ದೊಡ್ಡ ಚಮಚದಲ್ಲಿ ಸುಮಾರು 120 ಕ್ಯಾಲೊರಿ. ಈ ಲೆಕ್ಕದಲ್ಲಿ ಕುಸುಬಿಗೂ ತಾಳೆಗೂ ವ್ಯತ್ಯಾಸವಿಲ್ಲ.

ವ್ಯತ್ಯಾಸವಿರುವುದು ದೇಹ ಆ ಕೊಬ್ಬನ್ನು ಎಲ್ಲಿ ಸೇರಿಸುತ್ತದೆ ಎಂಬುದರಲ್ಲಿ. ಇದನ್ನು ತುಂಬ ಸ್ಪಷ್ಟವಾಗಿ ತೋರಿಸಿದ ಪ್ರಯೋಗವೊಂದು ಸ್ವೀಡನ್ ದೇಶದ ಉಪ್ಸಲಾದಲ್ಲಿ ನಡೆದು 2014ರಲ್ಲಿ ಪ್ರಕಟವಾಯಿತು. ಸಾಮಾನ್ಯ ತೂಕದ 39 ಯುವಜನರಿಗೆ ಏಳು ವಾರ ಕಾಲ, ಅವರ ದಿನದ ಊಟದ ಮೇಲೆ ಹೆಚ್ಚುವರಿಯಾಗಿ ಸಣ್ಣ ಕೇಕುಗಳನ್ನು ತಿನ್ನಿಸಿದರು. ಅರ್ಧ ಜನರ ಕೇಕಿನಲ್ಲಿ ತಾಳೆ ಎಣ್ಣೆ, ಉಳಿದವರ ಕೇಕಿನಲ್ಲಿ ಸೂರ್ಯಕಾಂತಿ ಎಣ್ಣೆ. ಕ್ಯಾಲೊರಿ ಸಮನಾಗಿತ್ತು, ಬೇರೆ ಸಾಮಗ್ರಿ ಒಂದೇ ಆಗಿತ್ತು. ಎರಡೂ ಗುಂಪಿನವರ ತೂಕ ಸರಾಸರಿ 1.6 ಕಿಲೋ ಏರಿತು. ಆದರೆ ತಾಳೆ ಎಣ್ಣೆಯವರಲ್ಲಿ ಯಕೃತ್ತಿನಲ್ಲಿಯೂ (ಲಿವರ್) ಹೊಟ್ಟೆಯ ಒಳಭಾಗದಲ್ಲಿಯೂ ಹೆಚ್ಚು ಕೊಬ್ಬು ಕೂತಿತು. ಸೂರ್ಯಕಾಂತಿಯವರಲ್ಲಿ ಏರಿದ ತೂಕದಲ್ಲಿ ತಾಳೆಯವರಿಗಿಂತ ಹೆಚ್ಚಿನ ಪಾಲು ಕೊಬ್ಬಲ್ಲದ ಮೈಕಟ್ಟಿಗೆ ಹೋಯಿತು. ಯಕೃತ್ತು ಮತ್ತು ಕರುಳಿನ ಸುತ್ತ ಕೂರುವ ಈ ಕೊಬ್ಬೇ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುವುದರಿಂದ, ಮೆಟಬಾಲಿಕ್ ಸಿಂಡ್ರೋಮ್‌ನ ಮೂಲಕ್ಕೆ ಕೈಹಾಕುವ ಶಕ್ತಿ ಎಣ್ಣೆಯ ಆಯ್ಕೆಗೆ ಇದೆ ಎನ್ನಲು ಇದು ಬಲವಾದ ಆಧಾರ. ಈ ಪ್ರಯೋಗದಲ್ಲಿ ಎರಡೂ ಗುಂಪಿನವರು ದಪ್ಪಗಾದರು ಎಂಬುದನ್ನೂ ಓದುಗರು ಅಷ್ಟೇ ಗಮನದಿಂದ ನೋಡಬೇಕೆಂದು ನನ್ನ ಬಿನ್ನಹ.

ತಾಳೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಂಪಿಗೆ ಗಟ್ಟಿಯಾಗುವ ಜಾತಿಯ ಕೊಬ್ಬು ಇರುತ್ತದೆ. ನಮ್ಮ ಸಾಂಪ್ರದಾಯಿಕ ಕುಸುಬಿ ತಳಿಗಳ ಎಣ್ಣೆಯಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಲಿನೋಲೆಯಿಕ್ ಆಮ್ಲ ಎಂಬ, ತಂಪಿಗೂ ತಿಳಿಯಾಗಿಯೇ ಇರುವ ಜಾತಿಯ ಕೊಬ್ಬಿದ್ದು, ಸ್ಯಾಚುರೇಟೆಡ್ ಪಾಲು ನೂರಕ್ಕೆ ಹತ್ತರ ಆಸುಪಾಸಿನಲ್ಲಿದೆ. ಗುರೆಳ್ಳಿನ ಎಣ್ಣೆಯೂ ಲಿನೋಲೆಯಿಕ್ ಆಮ್ಲದಿಂದಲೇ ಸಮೃದ್ಧ. ಅಗಸಿ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಒಮೇಗಾ-3 ಜಾತಿಯ ಆಲ್ಫಾ ಲಿನೋಲೆನಿಕ್ ಆಮ್ಲ. ಶೇಂಗಾ ಎಣ್ಣೆಯಲ್ಲಿ ಒಲೀಕ್ ಆಮ್ಲ ಎಂಬ ಇನ್ನೊಂದು ಬಗೆಯ ಕೊಬ್ಬು ಮುಂದು. ಎಳ್ಳೆಣ್ಣೆಯಲ್ಲಿ ಒಲೀಕ್ ಮತ್ತು ಲಿನೋಲೆಯಿಕ್ ಬಹುತೇಕ ಸಮಸಮ, ಜೊತೆಗೆ ಸೆಸಮಿನ್‌ನಂಥ ವಿಶೇಷ ಅಂಶಗಳು. ಹೀಗೆ ಭೀಮಾ ನದಿಯ ಎರಡೂ ದಂಡೆಯ ಎರೆಭೂಮಿಯಲ್ಲಿ ತಲೆತಲಾಂತರದಿಂದ ಬಿತ್ತುತ್ತ ಬಂದ ಬೀಜಗಳಲ್ಲೇ ಇಂದಿನ ಸಂಶೋಧಕರು ಹುಡುಕುತ್ತಿರುವ ಎಲ್ಲ ಬಗೆಯ ಕೊಬ್ಬುಗಳೂ ಇವೆ.

ಕುಸುಬಿ ಎಣ್ಣೆಯ ಬಗ್ಗೆ ಹೆಚ್ಚಾಗಿ ಉದಾಹರಿಸುವ ಪರೀಕ್ಷೆ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ್ದು, 2009ರಲ್ಲಿ ಪ್ರಕಟವಾಯಿತು. ಮುಟ್ಟು ನಿಂತ, ಬೊಜ್ಜು ಮತ್ತು ಮಧುಮೇಹ ಎರಡೂ ಇದ್ದ 35 ಮಹಿಳೆಯರು ಅದನ್ನು ಪೂರ್ಣಗೊಳಿಸಿದರು. ದಿನಕ್ಕೆ 8 ಗ್ರಾಂ, ಅಂದರೆ ಎರಡು ಟೀ ಚಮಚಕ್ಕಿಂತ ತುಸು ಕಡಿಮೆ ಕುಸುಬಿ ಎಣ್ಣೆಯನ್ನು 16 ವಾರ ತೆಗೆದುಕೊಂಡಾಗ ಅವರ ಒಟ್ಟು ತೂಕ ಇಳಿಯಲಿಲ್ಲ. ಆದರೆ ಹೊಟ್ಟೆ, ಬೆನ್ನಿನ ಭಾಗದ ಕೊಬ್ಬು ಇಳಿಯಿತು. ಅದೇ ಮಹಿಳೆಯರ ರಕ್ತದ ಅಂಕಿಗಳನ್ನು ಮತ್ತೊಮ್ಮೆ ಪರಿಶೀಲಿಸಿ 2011ರಲ್ಲಿ ಬರೆದ ಪ್ರಬಂಧದಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ಇಳಿದದ್ದೂ ಎಚ್‌ಡಿಎಲ್ ಏರಿದ್ದೂ ವರದಿಯಾಗಿದೆ. ಮೊಬೈಲಿನಲ್ಲಿ ಹರಿದಾಡುವ ‘ಎರಡು ಚಮಚ’ಕ್ಕೆ ಮೂಲ ಇದೇ ಇರಬೇಕೆಂದು ನನ್ನ ಊಹೆ. ಆದರೆ ಮೂವತ್ತೈದು ಜನ ಎಂದರೆ ಬಹಳ ಸಣ್ಣ ಸಂಖ್ಯೆ. ಅಲ್ಲಿ ಹೋಲಿಕೆ ನಡೆದದ್ದು ಎರಡು ಬಗೆಯ ಎಣ್ಣೆಗಳ ನಡುವೆ, ಎಣ್ಣೆಯನ್ನೇ ತೆಗೆದುಕೊಳ್ಳದ ಗುಂಪು ಇರಲಿಲ್ಲ. ಆ ಮಹಿಳೆಯರು ತಮ್ಮ ಮಧುಮೇಹದ ಚಿಕಿತ್ಸೆಯನ್ನು ಬಿಟ್ಟಿರಲೂ ಇಲ್ಲ. ಇಷ್ಟನ್ನು ನೋಡಿದ ಮೇಲೆ ಅದನ್ನು ಭರವಸೆಯ ಆರಂಭವೆಂದು ಕರೆಯಬಹುದು, ಮಾತ್ರೆಯ ಬದಲಿ ಎಂದು ಕರೆಯಲಾಗದು.

ಇನ್ನೊಂದು ಮಗ್ಗುಲೂ ಇದೆ. ಅದನ್ನು ಮುಚ್ಚಿಟ್ಟು ಎಣ್ಣೆಯನ್ನು ಹೊಗಳುವುದು ಸರಿಯಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ, ಆಗಷ್ಟೇ ಹೃದಯಾಘಾತದಂಥ ತೊಂದರೆಗೊಳಗಾಗಿದ್ದ 458 ಗಂಡಸರ ಮೇಲೆ ಒಂದು ಪ್ರಯೋಗ ನಡೆಯಿತು. ಬೆಣ್ಣೆಯಂಥ ಕೊಬ್ಬಿನ ಬದಲು ಕುಸುಬಿ ಎಣ್ಣೆ ಮತ್ತು ಕುಸುಬಿಯ ಮಾರ್ಗರೀನ್ (ಎಣ್ಣೆಯಿಂದ ಮಾಡಿದ, ಬೆಣ್ಣೆಯಂಥ ಪದಾರ್ಥ) ತಿಂದವರಲ್ಲಿ ಕೊಲೆಸ್ಟ್ರಾಲ್ ಇಳಿದರೂ ಸಾವುಗಳು ಹೆಚ್ಚಾದವು: ಕುಸುಬಿಯವರಲ್ಲಿ ಶೇಕಡಾ 17.6, ಉಳಿದವರಲ್ಲಿ ಶೇಕಡಾ 11.8. ಹಳೆಯ ದಾಖಲೆಗಳನ್ನು ಮತ್ತೆ ತೆರೆದು ಮಾಡಿದ ಈ ಪೂರ್ಣ ಲೆಕ್ಕ 2013ರಲ್ಲಿ ಹೊರಬಂದಾಗ ದೊಡ್ಡ ಚರ್ಚೆಯೇ ಆಯಿತು. ಆ ಕಾಲದ ಮಾರ್ಗರೀನ್‌ನಲ್ಲಿ, ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಕೆಡುಕಿನ ಟ್ರಾನ್ಸ್ ಕೊಬ್ಬು ಇದ್ದಿರಬಹುದು, ಆ ಎಣ್ಣೆಯಲ್ಲಿ ಒಮೇಗಾ-3 ಇರಲೇ ಇಲ್ಲ ಎಂದು ವಿಜ್ಞಾನಿಗಳು ವಿವರಣೆ ನೀಡಿದ್ದಾರೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಅಮೆರಿಕನ್ ಹೃದಯ ಸಂಘ 2017ರಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಬದಲು ಇಂಥ ಎಣ್ಣೆಗಳನ್ನು ಬಳಸುವುದು ಹೃದಯಕ್ಕೆ ಒಳ್ಳೆಯದೆಂದೇ ಸಲಹೆ ಮಾಡಿತು. ನಾನೂ ಆ ಸಲಹೆಯ ಕಡೆಗೇ ವಾಲುತ್ತೇನೆ. ಆದರೂ ಒಂದೇ ಎಣ್ಣೆಯನ್ನು ನೆಚ್ಚಿ, ಅಗಸಿಯಂಥ ಒಮೇಗಾ-3 ಮೂಲವನ್ನು ಪೂರ್ತಿ ಬಿಟ್ಟುಬಿಡುವುದು ಜಾಣತನವಲ್ಲ ಎಂಬ ಎಚ್ಚರ ಈ ಪ್ರಯೋಗದಿಂದ ಸಿಗುತ್ತದೆ.

ಅಗಸಿಯ ಮಾತು ಬಂದಾಗ ಎಣ್ಣೆಗಿಂತ ಬೀಜವೇ ಮುಂದಿದೆ. ಕೆನಡಾದಲ್ಲಿ ಕಾಲಿನ ರಕ್ತನಾಳಗಳ ಕಾಯಿಲೆಯಿದ್ದ 110 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನಕ್ಕೆ 30 ಗ್ರಾಂ ಪುಡಿ ಮಾಡಿದ ಅಗಸಿಯನ್ನು ಆಹಾರದಲ್ಲಿ ಬೆರೆಸಿ ಆರು ತಿಂಗಳು ತಿಂದವರ ಮೇಲಿನ ರಕ್ತದೊತ್ತಡ, ತಿನ್ನದವರಿಗಿಂತ ಸುಮಾರು 10 ಅಂಕ, ಕೆಳಗಿನದು ಸುಮಾರು 7 ಅಂಕ ಕಡಿಮೆಯಾಗಿತ್ತು. ಬೀಜದಲ್ಲಿ ಎಣ್ಣೆಯ ಜೊತೆಗೆ ನಾರು ಇದೆ, ಲಿಗ್ನಾನ್ ಎಂಬ ಅಂಶವಿದೆ. ಗಾಣಕ್ಕೆ ಹಾಕಿದಾಗ ಅವೆರಡೂ ಬಹುಪಾಲು ಹಿಂಡಿಯಲ್ಲೇ ಉಳಿದು ದನಗಳ ಬಾನಿಗೆ ಹೋಗುತ್ತವೆ. ನಮ್ಮ ಮನೆಗಳಲ್ಲಿ ಅಗಸಿಯನ್ನು ಹಂಚಿನ ಮೇಲೆ ಚಟಪಟ ಎನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟಿದ ಚಟ್ನಿ ಜೋಳದ ರೊಟ್ಟಿಯ ಮಗ್ಗುಲಲ್ಲಿ ಇದ್ದೇ ಇರುತ್ತಿತ್ತು. ಗುರೆಳ್ಳಿನ ಚಟ್ನಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕುಸುಬಿ ಬೀಜವನ್ನು ರುಬ್ಬಿ ಹಿಂಡಿ ತೆಗೆದ ಹಾಲಿನ ಹುಗ್ಗಿ, ಎಳೆಯ ಕುಸುಬಿ ಎಲೆಯ ಪಲ್ಯ, ಇವೆಲ್ಲವೂ ಬೀಜವನ್ನು, ಬೆಳೆಯನ್ನು ಇಡಿಯಾಗಿ ಬಳಸುವ ಕ್ರಮಗಳು. ಈಗ ಅದೇ ತಟ್ಟೆಯಲ್ಲಿ ಪಾಮೋಲಿನ್‌ನಲ್ಲಿ ಕರಿದ ಪಾಕೀಟಿನ ತಿನಿಸು ಬಂದು ಕೂತಿದೆ. ಆದರೆ ಚಟ್ನಿಯಲ್ಲಿ ಉಪ್ಪಿನ ಪ್ರಮಾಣ ಕಡಿಮೆಯಿರಲಿ. ರಕ್ತದೊತ್ತಡದವರಿಗೆ ಅಗಸಿ ಕೊಟ್ಟದ್ದನ್ನು ಉಪ್ಪು ಕಸಿದುಕೊಳ್ಳಬಾರದು.

ಎಳ್ಳೆಣ್ಣೆಯ ಮೇಲೂ ಕೆಲಸ ನಡೆದಿದೆ. ಎಳ್ಳೆಣ್ಣೆ ಮತ್ತು ಅಕ್ಕಿ ತೌಡಿನ ಎಣ್ಣೆಯ ಮಿಶ್ರಣವನ್ನು ಎಂಟು ವಾರ ಬಳಸಿದ ಮಧುಮೇಹಿಗಳಲ್ಲಿ ಸಕ್ಕರೆಯೂ ಕೊಬ್ಬಿನ ಅಂಕಿಗಳೂ ಇಳಿದವೆಂದು 2016ರಲ್ಲಿ ಪ್ರಕಟವಾಗಿದೆ. ಅಲ್ಲಿಯೂ ಅದನ್ನು ಅಡುಗೆಯ ಎಣ್ಣೆಯಾಗಿಯೇ ಬಳಸಲಾಗಿತ್ತು.

ಇಷ್ಟೆಲ್ಲ ಒಳ್ಳೆಯ ಬೀಜಗಳಿರುವ ನಾಡಿನಲ್ಲಿ ತಾಳೆ ಎಣ್ಣೆ ಮನೆಮನೆ ಸೇರಿದ್ದು ಜನರ ತಪ್ಪಿನಿಂದಲ್ಲ. 1986ರಲ್ಲಿ ಆರಂಭವಾದ ಎಣ್ಣೆಬೀಜ ತಂತ್ರಜ್ಞಾನ ಮಿಷನ್‌ನಿಂದ ದೇಶ ಖಾದ್ಯತೈಲದಲ್ಲಿ ಸ್ವಾವಲಂಬನೆಯ ಹತ್ತಿರಕ್ಕೆ ಬಂದಿತ್ತು. 1990ರ ದಶಕದ ನಡುವಿನಲ್ಲಿ ಆಮದು ಮುಕ್ತವಾಯಿತು. ಅಗ್ಗದ ಪಾಮೋಲಿನ್ ಬಂತು. ಇಂದು ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಕುಸುಬಿ ಬೆಳೆಗಾರನಿಗೆ ಬೆಲೆ ಸಿಗಲಿಲ್ಲ. ಮುಳ್ಳಿನ ಬೆಳೆಯನ್ನು ಕೊಯ್ಯಲು ಆಳು ಸಿಗಲಿಲ್ಲ, ಹೇನಿನ ಕಾಟ ಬೇರೆ. ನೀರು ಬಂದಲ್ಲಿ ಕಬ್ಬು, ಬಾರದಲ್ಲಿ ಕಡಲೆ, ತೊಗರಿ. ಹಿಂಗಾರಿ ಜೋಳದ ಹೊಲದ ಸುತ್ತ ದನ ನುಗ್ಗದಂತೆ ಹಾಕುತ್ತಿದ್ದ ಕುಸುಬಿಯ ಸಾಲುಗಳು ಕೂಡ ಅಕ್ಕಲಕೋಟ, ಮಂಗಳವೇಢೆ, ಜತ್ತ ತಾಲ್ಲೂಕುಗಳಲ್ಲಿ ಈಗ ವಿರಳ. ಎಣ್ಣೆಬೀಜಗಳಿಗಾಗಿ 2024ರಲ್ಲಿ ಕೇಂದ್ರ ಸರ್ಕಾರ 10,103 ಕೋಟಿ ರೂಪಾಯಿಯ ಹೊಸ ಮಿಷನ್ ಘೋಷಿಸಿದೆ. ಅದರ ಪಾಲು ಶೇಂಗಾ, ಸೋಯಾಗಳ ಜೊತೆಗೆ ನಮ್ಮ ಒಣಭೂಮಿಯ ಕುಸುಬಿ, ಅಗಸಿ, ಗುರೆಳ್ಳಿಗೂ ಬರಬೇಕು. ಕಿಲೋಗೆ ಪಾಮೋಲಿನ್‌ಗಿಂತ ಎಷ್ಟೋ ಪಟ್ಟು ದುಬಾರಿಯಾದ ಎಣ್ಣೆಯನ್ನು ‘ಚಿಕಿತ್ಸೆ’ ಎಂದು ಕೂಲಿಯವರ ಮುಂದೆ ಹೇಳುವುದು ನನಗೆ ಸಂಕಟದ ಸಂಗತಿ.

ಗಾಣದ ಎಣ್ಣೆಯ ಬಗ್ಗೆಯೂ ಒಂದು ಮಾತು. ಈಗ ಪಟ್ಟಣಗಳಲ್ಲಿ ಮತ್ತೆ ಮರದ ಗಾಣಗಳು ತಿರುಗುತ್ತಿವೆ. ಅದು ಸಂತೋಷದ ವಿಷಯ. ಶುದ್ಧೀಕರಣದಲ್ಲಿ ಕಳೆದುಹೋಗುವ ಕೆಲವು ಒಳ್ಳೆಯ ಅಂಶಗಳು ಗಾಣದ ಎಣ್ಣೆಯಲ್ಲಿ ಉಳಿಯುತ್ತವೆ. ಆದರೆ ಬೂಷ್ಟು ಹಿಡಿದ ಶೇಂಗಾ ಗಾಣಕ್ಕೆ ಬಿದ್ದರೆ ಅದರ ಅಫ್ಲಾಟಾಕ್ಸಿನ್ ವಿಷವೂ ಎಣ್ಣೆಯಲ್ಲಿ ಉಳಿಯುತ್ತದೆ. ಕುಸುಬಿ, ಅಗಸಿ ಎಣ್ಣೆಗಳು ಬೆಳಕಿಗೆ, ಶಾಖಕ್ಕೆ ಬೇಗ ಕೆಡುತ್ತವೆ. ಅಗಸಿ ಎಣ್ಣೆಯನ್ನು ಒಲೆಯ ಮೇಲೆ ಇಡಲೇಬಾರದು. ಒಂದೇ ಬಾಣಲೆಯ ಎಣ್ಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಭಜಿ ಕರಿದರೆ, ಅದು ಮೊದಲು ಎಷ್ಟೇ ಒಳ್ಳೆಯ ಎಣ್ಣೆಯಾಗಿದ್ದರೂ, ಕರಿದು ಕೆಟ್ಟ ಎಣ್ಣೆಯೇ. ಹೀಗೆ ಕರಿದಾಗ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶಗಳಿಗೆ (ಪೋಲಾರ್ ಸಂಯುಕ್ತಗಳು) 2018ರಿಂದ ಆಹಾರ ಸುರಕ್ಷತಾ ಪ್ರಾಧಿಕಾರ ಶೇಕಡಾ 25ರ ಮಿತಿಯೊಂದನ್ನು ವಿಧಿಸಿದೆ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಅದನ್ನು ಅಳೆಯುವವರನ್ನು ನಾನು ಕಂಡಿಲ್ಲ. ಬಾಟಲಿಯ ಮುಂದೆ ಕುಸುಬಿ ಹೂವಿನ ಚಿತ್ರವಿದ್ದರೂ ಹಿಂದಿನ ಸಣ್ಣ ಅಕ್ಷರ ಓದಬೇಕು. ಎರಡು ಎಣ್ಣೆ ಬೆರೆಸಿದ್ದರೆ ಯಾವುದು ಎಷ್ಟು ಎಂದು ಅಲ್ಲಿ ನಮೂದಿಸುವುದು ಕಡ್ಡಾಯ.

ಆದ್ದರಿಂದ ನನ್ನ ಬೇಡಿಕೆ ಇದು. ಸೊಲ್ಲಾಪುರದಲ್ಲಿ ಕುಸುಬಿ ಬೆಳೆಯ ಸಂಶೋಧನಾ ಕೇಂದ್ರವಿದೆ. ‘ಭೀಮಾ’ ಎಂಬ ಹೆಸರಾದ ತಳಿ ಬಂದದ್ದು ಅಲ್ಲಿಂದಲೇ. ಅದೇ ಊರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಇವೆರಡೂ ಕೈಜೋಡಿಸಿ ನಮ್ಮ ಹಳ್ಳಿಗಳಲ್ಲೇ ಒಂದು ಸರಿಯಾದ ಪರೀಕ್ಷೆ ನಡೆಸಬೇಕು. ಅಡುಗೆ ಮನೆಗೆಲ್ಲ ಒಂದೇ ಆದ್ದರಿಂದ ಒಬ್ಬ ರೋಗಿಗೆ ಚಮಚ ಕೊಡುವ ಬದಲು ಇಡೀ ಕುಟುಂಬದ ಎಣ್ಣೆಯನ್ನು ಬದಲಿಸಿ ನೋಡಬೇಕು: ಕೆಲವು ಮನೆಗಳಿಗೆ ಕುಸುಬಿ ಎಣ್ಣೆ ಮತ್ತು ಅಗಸಿ ಚಟ್ನಿ, ಕೆಲವು ಮನೆಗಳಿಗೆ ಅವರು ಈಗ ಬಳಸುತ್ತಿರುವ ಪಾಮೋಲಿನ್, ಇಬ್ಬರಿಗೂ ತಲೆಗೆ ತಿಂಗಳಿಗೆ ಒಂದು ಕಿಲೋ ಮೀರದಂತೆ. ಯಾರ ಮಾತ್ರೆಯನ್ನೂ ನಿಲ್ಲಿಸಬಾರದು. ಆರಂಭದಲ್ಲೊಮ್ಮೆ, ಆರು ತಿಂಗಳು ಕಳೆದ ಮೇಲೊಮ್ಮೆ ಸೊಂಟದ ಅಳತೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ರಕ್ತದೊತ್ತಡ, ಮೂರು ತಿಂಗಳ ಸರಾಸರಿ ಸಕ್ಕರೆ, ಸಾಧ್ಯವಾದರೆ ಯಕೃತ್ತಿನ ಕೊಬ್ಬು, ಇವನ್ನು ಅಳೆಯಬೇಕು. ಪರೀಕ್ಷೆಯನ್ನು ಆರಂಭಕ್ಕೆ ಮುಂಚೆಯೇ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸಿ, ಫಲ ಬಂದರೂ ಬಾರದಿದ್ದರೂ ಪ್ರಕಟಿಸಬೇಕು. ಓಹಾಯೋದ ಮಹಿಳೆಯರ ಊಟಕ್ಕೂ ಜೋಳದ ರೊಟ್ಟಿ, ಝುಣಕ, ಸಿಹಿ ಚಹಾದ ನಮ್ಮ ದಿನಚರಿಗೂ ಅಜಗಜಾಂತರವಿರುವಾಗ ಅಲ್ಲಿಯ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚಲಾಗದು. ಮನೆಮನೆಗೆ ಹೋಗಿ ಕೇಳುವ ಕೆಲಸವನ್ನು ಕನ್ನಡ ಬಲ್ಲ ಆಶಾ ಕಾರ್ಯಕರ್ತೆಯರಿಗೇ ವಹಿಸಬೇಕು. ಇಲ್ಲಿಯ ಅನೇಕ ಹಿರಿಯ ಹೆಂಗಸರು ಮರಾಠಿಯಲ್ಲಿರುವ ಸೂಚನೆಯ ಚೀಟಿಯನ್ನು ಓದಲಾರದೆ ನನ್ನ ಬಳಿ ತಂದು ಓದಿಸಿಕೊಳ್ಳುತ್ತಾರೆ.

ಸಂಪಾದಕರಾದ ತಮ್ಮಲ್ಲಿಯೂ ಒಂದು ವಿನಂತಿಯಿದೆ. ಮಧುಮೇಹ, ಬೊಜ್ಜು, ರಕ್ತದೊತ್ತಡಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಆದರೂ ‘ಶುಗರ್ ಬೇರುಸಹಿತ ಮಾಯ’ ಎನ್ನುವ ಎಣ್ಣೆಯ ಜಾಹೀರಾತುಗಳು ಕೆಲವು ಪತ್ರಿಕೆಗಳಲ್ಲಿಯೂ ಸಂತೆಯ ಗೋಡೆಗಳ ಮೇಲೂ ಕಾಣುತ್ತಲೇ ಇವೆ. ಅಂಥವನ್ನು ತಾವು ಸ್ವೀಕರಿಸದಿರುವುದರ ಜೊತೆಗೆ, ಅಡುಗೆಗೆ ಸಿಗುವ ಎಣ್ಣೆಗಳಲ್ಲಿ ಯಾವ ಕೊಬ್ಬು ಎಷ್ಟಿದೆ, ಯಾವುದನ್ನು ಕರಿಯಲು ಬಳಸಬಾರದು ಎಂಬ ಒಂದು ಕೋಷ್ಟಕವನ್ನು ಆರೋಗ್ಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಕಟಿಸಿದರೆ ನಾನದನ್ನು ಕತ್ತರಿಸಿ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತೇನೆ. ಸಕ್ಕರೆಯ ಮಾತ್ರೆ ನುಂಗುತ್ತಿರುವವರು ಅಗಸಿ ಪುಡಿಯನ್ನು ಹೆಚ್ಚು ತಿನ್ನಲು ಆರಂಭಿಸುವುದಾದರೆ ವೈದ್ಯರಿಗೆ ತಿಳಿಸಬೇಕು, ಮಾತ್ರೆಗೂ ಪುಡಿಗೂ ನಡುವೆ ಒಂದೆರಡು ಗಂಟೆ ಅಂತರವಿಡಬೇಕು ಎಂಬುದನ್ನೂ ಆ ಕೋಷ್ಟಕದ ಕೆಳಗೆ ದಯವಿಟ್ಟು ಸೇರಿಸಿ.

ತಮ್ಮ ವಿಶ್ವಾಸಿ,
ಒಬ್ಬ ಔಷಧ ವ್ಯಾಪಾರಿ
ಅಕ್ಕಲಕೋಟ ತಾಲ್ಲೂಕು, ಸೊಲ್ಲಾಪುರ ಜಿಲ್ಲೆ